ಕಣದಲ್ಲಿ ಒಣಹಾಕಿದ ಸೀಸೆಗಳು

"ಆ ಸೀಸೆಗಳನ್ನ ಬಿಚ್ಚಿದ್ದು ಯಾರು?"

ಕಾಫಿ ತಟ್ಟೆ ಹಿಡಿದು ಜಗುಲಿಗೆ ಬಂದ ರುದ್ರಾಣಿಗೆ, ತನ್ನನ್ನು ನೋಡಲು ಬಂದ ನೆಂಟರು ಯಾರೂ ಕಾಣಲಿಲ್ಲ. ಕಂಡದ್ದು ಅಂಗಳದಾಚೆಯ ಕಾಫಿ ಕಣ. ಅಲ್ಲಿ ಕಪ್ಪು ಕಾಗದ ಬಿಚ್ಚಿ, ಮುಚ್ಚಳ ತೆಗೆದ ತನ್ನ ಸೀಸೆಗಳು ಬಿಸಿಲಿಗೆ ಸಾಲಾಗಿ ನಿಂತಿದ್ದವು.

"ನಾನೇ," ಎಂದ ಕಣದಲ್ಲಿದ್ದ ಯುವಕ. ಮೂಡಿಗೆರೆ ಕಡೆಯ ಬೆಳೆಗಾರ, ಮದುವೆ ಗಂಡು ಚನ್ನಬಸವ. "ಸೀಸೆ ಇಟ್ಟಿದ್ದ ಐಸ್ ಪೆಟ್ಟಿಗೆ ನೀರು ಒಸರ್ತಿತ್ತು. ತೇವ ಹಿಡಿಯುತ್ತೆ ಅಂತ ಒಣಹಾಕ್ದೆ."

ತಟ್ಟೆ ಕೆಳಗಿಟ್ಟು ಅವಳು ಬರಿಗಾಲಲ್ಲೇ ಓಡಿದಳು. ಹಳದಿ ಪುಡಿ ಕಂದು ಬಣ್ಣಕ್ಕೆ ತಿರುಗಿತ್ತು.

ಮುಗಿಯಿತು... ಎಲ್ಲ ಮುಗಿಯಿತು.

ವಿದ್ಯುತ್ ಹರಿಸಿದರೆ ತಾನೇ ಬೆಳಗುವ ಪುಡಿ ಅದು. ಇಂಗಾಲದ ಅಣುಗಳನ್ನು ಜೋಡಿಸಿ ಜೋಡಿಸಿ ಅವಳು ವರ್ಷಗಟ್ಟಲೆ ಕೂತು ಮಾಡಿದ್ದು. ಬೆಂಗಳೂರಿನಲ್ಲಿ ಪರೀಕ್ಷೆ ಮಾಡಿಸಿಬಿಟ್ಟರೆ ಪಿಎಚ್‌ಡಿ ಕೈಗೆ ಬಂದಂತೆ. ದಾರಿಯಲ್ಲಿ ಅತ್ತಿಗುಂಡಿಯ ಮನೆಗೆ ಬಂದು ಗಂಡಿನವರಿಗೆ ಮುಖ ತೋರಿಸಿ ಹೋಗು ಎಂದು ಅಪ್ಪ ಪರಮೇಶ್ವರಪ್ಪನವರೇ ಹಟ ಹಿಡಿದು ಕರೆಸಿದ್ದರು.

"ಬೇಕಂತಲೇ ಮಾಡಿದ್ರಿ," ಎಂದಳು. "ಓದು ನಿಂತ್ರೆ ಹುಡುಗಿ ಸುಲಭಕ್ಕೆ ಸಿಗ್ತಾಳಲ್ಲ. ಹೋಗಿ ಇಲ್ಲಿಂದ."

ಅವನ ಮುಖ ಬಿಳಿಚಿಕೊಂಡಿತು. ಮುಚ್ಚಳಗಳನ್ನು ಸೀಸೆಗಳ ಪಕ್ಕ ಇಟ್ಟು ಹೊರಟುಹೋದ.

"ಈ ತಿಂಗಳೊಳಗೆ ಬಂದು ಮೊದಲಿಂದ ಶುರು ಮಾಡಮ್ಮ. ಇಲ್ಲದಿದ್ರೆ ನಿನ್ನ ಜಾಗಕ್ಕೆ ಬೇರೆಯವರು," ಎಂದರು ಫೋನಿನಲ್ಲಿ ಗೈಡ್.

"ಪುಡಿನೇ ಇಲ್ಲ, ಇನ್ನೆಂಥ ಓದು? ಮನೇಲಿರು," ಎಂದರು ಅಪ್ಪ.

ನಮ್ಮಲ್ಲಿ ಹೆಣ್ಣುಮಕ್ಕಳ ಓದೆಂದರೆ ಗಂಡು ಸಿಗುವ ತನಕದ ಹೊತ್ತು ಕಳೆಯುವ ಕೆಲಸ ತಾನೇ? ಪರಮೇಶ್ವರಪ್ಪನವರೂ ಅದೇ ಪೈಕಿ.

ರುದ್ರಾಣಿ ಬೇಡಿದಳು, ಕಾಲು ಹಿಡಿದಳು, ಊಟ ಬಿಟ್ಟಳು. ತೊಂಬತ್ತೆಂಟರ ಜನವರಿ ಅವಳ ಕಣ್ಣೆದುರೇ ಸವೆಯುತ್ತಿತ್ತು. 'ಲ್ಯಾಬಿನ ನನ್ನ ಬೆಂಚಿನಲ್ಲಿ ಇಷ್ಟೊತ್ತಿಗೆ ಯಾರೋ ಕೂತಿರುತ್ತಾರೆ...' ಎಂದುಕೊಂಡು ಗೋಡೆಗೆ ತಲೆ ಆನಿಸಿ ಅಳುತ್ತಿದ್ದಳು.

ತಿಂಗಳು ಮುಗಿಯುವ ಹೊತ್ತಿಗೆ ಅಪ್ಪ ಬಾಗಿಲಲ್ಲಿ ನಿಂತರು.

"ಬಟ್ಟೆ ತುಂಬ್ಕೊ. ಬಸ್ಸಿಗೆ ಬಿಡ್ತೀನಿ."

"ಯಾಕಪ್ಪಾಜಿ, ಇದ್ದಕ್ಕಿದ್ದಂತೆ?"

"ಅದನ್ನ ಆ ಹುಡುಗನ್ನೇ ಕೇಳು. ನನ್ನ ತಲೆ ತಿಂದುಬಿಟ್ಟ."

ಚಿಕ್ಕಮಗಳೂರು ಬಸ್ ನಿಲ್ದಾಣದಲ್ಲಿ ಚನ್ನಬಸವ ಕಾಯುತ್ತಿದ್ದ. ಅಪ್ಪ ಬೇಕೆಂದೇ ಟಿಕೆಟ್ ತರಲು ಹೋದರು.

"ತೇವ ತಾಗಿದ್ರೆ ಹಾಳು ಅಂತ ನಿಮ್ಮಪ್ಪಾಜಿ ಹೇಳಿದ್ರು," ಎಂದ ತಲೆ ತಗ್ಗಿಸಿ. "ಕಾಫಿಗೆ ತೇವ ಹಿಡಿದ್ರೆ ನಮಗೆ ಗೊತ್ತಿರೋದು ಬಿಸಿಲೊಂದೇ. ಬಿಸಿಲಿಗೇ ಸಾಯೋ ವಸ್ತುನ ನಾನು ಕಂಡೇ ಇರ್ಲಿಲ್ಲ."

ತಪ್ಪು ತನ್ನದೂ ಇತ್ತು. ಅಂದು ಮನೆಗೆ ಬಂದವಳು 'ಇದಕ್ಕೆ ನೀರು ತಾಗಬಾರದು' ಎಂದಷ್ಟೇ ಅಪ್ಪನಿಗೆ ಹೇಳಿ ಸೀರೆ ಉಡಲು ಹೋಗಿದ್ದಳು. ಬಿಸಿಲಿನ ಮಾತನ್ನೇ ಆಡಿರಲಿಲ್ಲ.

"ಅಪ್ಪಾಜಿ ಹೇಗೆ ಒಪ್ಪಿದ್ರು?"

"ನಿಮ್ಮ ಮಗಳ ಓದು ಮುಗಿಯೋ ತನಕ ಕಾಯ್ತೀನಿ, ಬೇರೆ ಗಂಡು ಕರೀಬೇಡಿ ಅಂದೆ. ಮೊದಲ ಸಲ ಬೈದ್ರು. ಆಮೇಲೂ ಬೈದ್ರು. ನಿನ್ನೆ ಬೈತಾ ಬೈತಾ ಕಾಫಿ ಕೊಟ್ರು."

"ನನ್ನ ಕೇಳ್ದೇನೇ ಮಾತು ಕೊಟ್ರಾ?"

"ಕೊಟ್ಟಿದ್ದು ನನ್ನ ಮಾತು. ಆಮೇಲೆ ನೀವು ಬೇಡ ಅಂದ್ರೆ ಬೇಡ. ಹಾಳು ಮಾಡಿದ್ದು ನಾನು, ಕಾಯೋದೂ ನಾನೇ."

ಬಸ್ಸು ಹೊರಡಲು ಸಿದ್ಧವಾಯಿತು. ಅವಳ ಕಣ್ಣು ತುಂಬಿ ಬಂತು.

"ಎರಡನೇ ಸಲನೂ ಆಗದೆ ಹೋದ್ರೆ...?"

"ಆಗ್ಲಿಲ್ಲ ಅನ್ನೋ ದಿನ ಒಂದು ಫೋನ್ ಮಾಡಿ. ಬರ್ತೀನಿ. ಏನನ್ನೂ ಮುಟ್ಟಲ್ಲ, ಹೊರಗಡೆ ಸುಮ್ನೆ ಕೂತಿರ್ತೀನಿ."

ಮೆಟ್ಟಿಲ ಮೇಲೆ ಕಾಲಿಟ್ಟವಳು ತಿರುಗಿದಳು.

"ಆಗಿದ್ ದಿನ ಫೋನ್ ಮಾಡ್ಬಾರ್ದಾ?"

ಚನ್ನಬಸವ ಮೆಟ್ಟಿಲ ಬಳಿಗೆ ಬಂದ.

"ಮಾಡಿ... ಆ ದಿನ ಒಳಗೆ ಕರೀತೀರಾ?"

"ಕರೀತೀನಿ," ಎಂದಳು ರುದ್ರಾಣಿ.