ಯಜಮಾನರ ಲೋಟ

ಅಪ್ಪ ಜೈಲಿನಿಂದ ಮನೆಗೆ ಬರುವ ಆ ಬೆಳಿಗ್ಗೆ ಮಗಳನ್ನು ಕಾಡುತ್ತಿದ್ದದ್ದು ಯಾರ ಮುಂದೆಯೂ ಬಾಯಿಬಿಟ್ಟು ಹೇಳಲಾಗದ ಒಂದು ಸಣ್ಣ ಚಿಂತೆ. ಇನ್ನು ಮೇಲೆ ತನ್ನ ಒಳಬಟ್ಟೆಗಳನ್ನು ಎಲ್ಲಿ ಒಣಗಿಸುವುದು? ಮನೆಗಿದ್ದದ್ದು ಒಂದೇ ಬಚ್ಚಲು. ಅಣ್ಣ ಮದುವೆಯಾಗಿ ಬೇರೆ ಮನೆ ಮಾಡಿದಂದಿನಿಂದ ಅಲ್ಲಿನ ತಂತಿಯ ಮೇಲೆ ಅವಳದೂ ಅಮ್ಮನದೂ ಬಟ್ಟೆಗಳು ಯಾರ ಹಂಗೂ ಇಲ್ಲದೆ ನೇತಾಡುತ್ತಿದ್ದವು. ‘ಅವರು ಬರುತ್ತಿದ್ದಾರೆ ಅಂತ ಲಾರಿ ಅಡ್ಡೆಯೇ ನಡುಗುತ್ತಿದೆ, ನನಗೆ ನೋಡಿದರೆ ಈ ಯೋಚನೆ!’ ಎಂದು ತನ್ನನ್ನು ತಾನೇ ಬೈದುಕೊಂಡಳು. ಆದರೂ ಆ ಸಂಕೋಚ ಹೋಗಲಿಲ್ಲ. ಅಪ್ಪ ಜೈಲಿಗೆ ಹೋದಾಗ ಅವಳಿಗಿನ್ನೂ ಹಾಲುಹಲ್ಲು ಬೀಳುತ್ತಿತ್ತು. ಈಗ ಪದವಿ ಮುಗಿದಿತ್ತು. ಹೇಳಬೇಕಾದ್ದನ್ನೆಲ್ಲ ಡೈರಿಗೆ ಹೇಳಿ, ಮನುಷ್ಯರ ಮುಂದೆ ತಲೆಯಾಡಿಸಿ ಸುಮ್ಮನಾಗುವ ಹುಡುಗಿಯಾಗಿದ್ದಳು ಅವಳು. ಅಪ್ಪ ಎನ್ನುವುದು ಅವಳ ಪಾಲಿಗೆ ಒಂದು ಫೋಟೊ, ಒಂದು ಕೆಮ್ಮು, ಮತ್ತು ಒಂದು ಲೋಟ.

ಆ ಲೋಟದ ವಿಷಯ ಅಡ್ಡೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅಪ್ಪನನ್ನು ಅಲ್ಲಿ ಯಜಮಾನರು ಎನ್ನುತ್ತಿದ್ದರು. ಅವರು ಯಾರ ಮೇಲೂ ಕೈ ಎತ್ತಿದವರಲ್ಲ, ದನಿ ಎತ್ತಿದವರೂ ಅಲ್ಲ. ತಪ್ಪು ಮಾಡಿದವನನ್ನು ಹುಡುಗರು ಅವರ ಎದುರಿಗೆ ತಂದು ನಿಲ್ಲಿಸುತ್ತಿದ್ದರು. ಮೇಜಿನ ಮೇಲೆ ತುಂಬಿದ ಚಹಾ ಲೋಟ. ಯಜಮಾನರು ಅವನ ಮುಖವನ್ನೇ ದಿಟ್ಟಿಸುತ್ತಿದ್ದರು. ಲೋಟ ಎತ್ತಿ ಕುಡಿದರೋ, ಅವನು ಬದುಕಿದ. ಬೆರಳಿಂದ ತಳ್ಳಿ ಉರುಳಿಸಿದರೋ... ಹುಡುಗರು ಅವನನ್ನು ಹೊರಗೆ ಕರೆದುಕೊಂಡು ಹೋಗುತ್ತಿದ್ದರು. ಅವನು ಮತ್ತೆ ಮನೆ ಸೇರುತ್ತಿರಲಿಲ್ಲ! ಚಿಕ್ಕವಳಿದ್ದಾಗ ಒಮ್ಮೆ ಅವಳ ಕೈತಪ್ಪಿ ನೆಲದ ಮೇಲೆ ಚಹಾ ಚೆಲ್ಲಿದಾಗ ಅಮ್ಮ ಬೈಯಲಿಲ್ಲ. ಬಿಳಿಚಿಕೊಂಡು ಗೋಡೆಗೆ ಒರಗಿ ನಿಂತುಬಿಟ್ಟಿದ್ದಳು.

ಅಣ್ಣನ ಕಾರು ಬಾಗಿಲಿಗೆ ಬಂತು. ಅಪ್ಪ ಅಣ್ಣನ ಭುಜ ಹಿಡಿದು ಇಳಿದರು. ಬೀದಿಯಲ್ಲಿ ನಿಂತಿದ್ದವರೆಲ್ಲ ತಲೆ ತಗ್ಗಿಸಿದರು. ಅಮ್ಮ ಬಾಗಿಲಲ್ಲಿ ನೆಲ ನೋಡುತ್ತ, “ಬಂದ್ರಾ?” ಎಂದಳು. ಅಷ್ಟೆ. ಸಂಸಾರ ಮಾಡಿದಷ್ಟು ಕಾಲವೂ ಅಮ್ಮ ಅವರ ಮುಖ ನೋಡಿ ಮಾತಾಡಿದವಳಲ್ಲ.

ಮರುದಿನ ಬೆಳಿಗ್ಗೆ ಮಗಳು ನೀರಿನ ಚೊಂಬು ಹಿಡಿದು ಅಪ್ಪನ ಕೋಣೆಗೆ ಹೋದಾಗ, ಅವರು ಗೂಟಕ್ಕೆ ನೇತುಹಾಕಿದ್ದ ಕೋಟಿನ ಕಡೆ ತಿರುಗಿ, “ಬಾ, ಕೂತ್ಕೋ” ಎಂದರು. ಅವಳು ಕಲ್ಲಾಗಿ ನಿಂತಳು. ಗಡ್ಡ ಬೋಳಿಸಿಕೊಂಡಿದ್ದರು, ಆದರೆ ಒಂದು ಕೆನ್ನೆಯ ಕೆಳಗೆ ಬಿಳಿ ಕೂದಲು ಹಾಗೇ ಉಳಿದಿತ್ತು.

“ಅಪ್ಪ... ನಾನು ಇಲ್ಲಿದೀನಿ.”

ಅವರ ಮುಖ ತಟ್ಟನೆ ಇತ್ತ ಹೊರಳಿತು. ಊರನ್ನೇ ನಡುಗಿಸಿದ್ದ ಆ ಕಣ್ಣುಗಳು ಅವಳನ್ನು ಹಾದು ಹಿಂದಿನ ಗೋಡೆಯಲ್ಲಿ ನೆಟ್ಟಿದ್ದವು. ಚಾಚಿದ ಕೈ ಗಾಳಿಯಲ್ಲಿ ತಡಕಾಡಿ ಕೊನೆಗೆ ಅವಳ ಮಣಿಕಟ್ಟು ಹಿಡಿಯಿತು.

“ಬಾಗಿಲು ಹಾಕು. ಯಾರಿಗೂ ಹೇಳಬೇಡ, ಮಗೂ. ಸಕ್ಕರೆ ಕಾಯಿಲೆ ತಿಂದುಹಾಕ್ತು. ಬೆಳಕಿದೆಯೋ ಕತ್ತಲಿದೆಯೋ, ಅಷ್ಟು ಗೊತ್ತಾಗುತ್ತೆ. ಉಳಿದಿದ್ದು ಏನೂ ಇಲ್ಲ.”

“ಡಾಕ್ಟ್ರಿಗೆ...”

“ಡಾಕ್ಟ್ರಿಗೆ ಗೊತ್ತಾದ್ರೆ ಕಾಂಪೌಂಡರ್‌ಗೆ ಗೊತ್ತಾಗುತ್ತೆ, ಕಾಂಪೌಂಡರ್‌ಗೆ ಗೊತ್ತಾದ್ರೆ ಊರಿಗೆ! ನನ್ನಿಂದಾಗಿ ಏಟು ತಿಂದವರು ಎಷ್ಟು ಜನ ಇದಾರೆ ಗೊತ್ತಾ? ಅವರನ್ನ ದೂರ ಇಟ್ಟಿರೋದು ಈ ಕಣ್ಣಿನ ಭಯ ಒಂದೇ. ಕಾಣಲ್ಲ ಅಂತ ಸುಳಿವು ಸಿಕ್ರೆ ನನ್ನನ್ನೂ ಬಿಡಲ್ಲ, ನಿಮ್ಮಣ್ಣನ್ನೂ ಬಿಡಲ್ಲ.”

ಅವಳಿಗೆ ಅಳು ಬಂತು. ಅಳು ಅವರ ಮೇಲಿನ ಕನಿಕರಕ್ಕೋ, ಭಯಕ್ಕೋ, ಅವಳಿಗೇ ತಿಳಿಯಲಿಲ್ಲ. ಎಲ್ಲರೂ ಅವರೆದುರು ತಲೆ ತಗ್ಗಿಸಿದ್ದರು. ಹಾಗಾಗಿ ಯಾರಿಗೂ ಗೊತ್ತಾಗಿಲ್ಲ... ಅಮ್ಮನಿಗೂ!

ಅಪ್ಪ ಬೇರೆಯದೇ ದನಿಯಲ್ಲಿ ಕೇಳಿದರು: “ನೀನು ನೋಡೋಕೆ ಹೇಗಿದೀಯ? ನಿಮ್ಮಮ್ಮನ ಹಾಗಾ?”

“ಮೂಗು ನಿಮ್ಮದಂತೆ. ಹಾರ್ನ್ ಮಾಮ ಹೇಳ್ತಿರ್ತಾರೆ.”

“ಹಾರ್ನ್! ಇನ್ನೂ ಇದಾನಾ ಆ ಬಾಯಿಬಡುಕ?” ಅಪ್ಪ ಮೊದಲ ಬಾರಿಗೆ ನಕ್ಕರು.

ಹಾರ್ನ್ ಮಾಮ ಒಂದು ಕಾಲದಲ್ಲಿ ಅಪ್ಪನ ಡ್ರೈವರ್ ಆಗಿದ್ದವನು. ಅವನ ಗಂಟಲಿದ್ದರೆ ಕಾರಿಗೆ ಬೇರೆ ಹಾರ್ನ್ ಬೇಡ ಎಂದು ಅಪ್ಪನೇ ಇಟ್ಟ ಹೆಸರು ಅದು. ಅಪ್ಪ ಒಳಗೆ ಹೋದ ಮೇಲೆ ಅಡ್ಡೆ ಬಿಟ್ಟು ಶಾಲಾಮಕ್ಕಳ ವ್ಯಾನ್ ಓಡಿಸಿಕೊಂಡಿದ್ದ. ಅಪ್ಪನ ಹೆಸರು ಹೇಳಿ ತಿಂದವರೆಲ್ಲ ಬಾಗಿಲಿಗೂ ಬಾರದೆ ಹೋದಾಗ, ಅವಳಿಗೆ ಜ್ವರ ಬಂದರೆ ಆಸ್ಪತ್ರೆಗೆ, ಪರೀಕ್ಷೆ ಬಂದರೆ ಕಾಲೇಜಿಗೆ ತನ್ನ ವ್ಯಾನಿನಲ್ಲೇ ಕರೆದೊಯ್ದವನು ಅವನೊಬ್ಬನೇ. ಆದರೆ ಈಗ ಅಡ್ಡೆ ನಡೆಸುತ್ತಿದ್ದ ಅಣ್ಣನಿಗೆ ಅವನೆಂದರೆ ಕಣ್ಣುರಿ. ಅಡ್ಡೆ ಬಿಟ್ಟು ಹೋಗಿಯೂ ನೆಮ್ಮದಿಯಾಗಿ ಬದುಕುವವನೊಬ್ಬ ಎದುರಿಗೇ ಓಡಾಡಿಕೊಂಡಿದ್ದರೆ ಉಳಿದ ಹುಡುಗರನ್ನು ಹಿಡಿದಿಡುವುದು ಹೇಗೆ?

ವಾರ ಕಳೆಯುವುದರೊಳಗೆ ಅಣ್ಣ ಮಧ್ಯಾಹ್ನದ ಹೊತ್ತಿಗೆ ಅಡ್ಡೆಯವರನ್ನೆಲ್ಲ ಮನೆಗೆ ಕರೆಸಿದ. ನಡುಮನೆ ತುಂಬಿತು. ಇಲ್ಲಿಯೂ ಉಂಡು ಅಪ್ಪನ ಶತ್ರುಗಳ ಮನೆಯಲ್ಲೂ ಉಣ್ಣುವ ಮುಖಗಳೂ ಆ ಗುಂಪಿನಲ್ಲಿದ್ದವು. ಅಪ್ಪ ಕುರ್ಚಿಯಲ್ಲಿ ನೆಟ್ಟಗೆ ಕುಳಿತಿದ್ದರು. ಹುಡುಗರು ಹಾರ್ನ್ ಮಾಮನನ್ನು ತಂದು ಎದುರಿಗೆ ನಿಲ್ಲಿಸಿದರು.

“ಏನು ಯಜಮಾನ್ರೇ, ಒಳಗಿನ ಊಟ ಚೆನ್ನಾಗಿ ಒಗ್ಗಿದ ಹಾಗಿದೆ!” ಎಂದ ಅವನು, ಬೆವರು ಒರೆಸಿಕೊಳ್ಳುತ್ತ. “ನನ್ನ ನೋಡಿ, ಶಾಲೆ ಮಕ್ಕಳ ಕೈಗೆ ಸಿಕ್ಕಿ ಸೊರಗಿ ಕಡ್ಡಿಯಾಗಿದೀನಿ. ನಿಮ್ಮ ಹುಡುಗರೇ ವಾಸಿ, ಎರಡೇಟು ಹಾಕಿ ಬಿಡ್ತಿದ್ರು. ಇವು ತಲೆಕೂದಲಿಗೆ ಚ್ಯೂಯಿಂಗ್ ಗಮ್ ಅಂಟಿಸ್ತವೆ!”

ಅಣ್ಣ ಮುಂದೆ ಬಂದ. “ಹಲ್ಲು ಕಿರೀಬೇಡ. ಅವತ್ತು ಅಪ್ಪ ಎಲ್ಲಿದಾರೆ ಅಂತ ಪೊಲೀಸರಿಗೆ ತೋರಿಸಿಕೊಟ್ಟಿದ್ದು ನೀನೇ.”

“ನಾನಾ? ಅಲ್ಲಪ್ಪಾ, ನಾನು ಗುಟ್ಟು ಹೇಳಿದ್ರೆ ಅದು ಪೊಲೀಸರಿಗೆ ಮಾತ್ರ ಕೇಳಿಸುತ್ತಾ? ಬೀದಿಗೆಲ್ಲ ಕೇಳಿಸ್ತಿತ್ತಲ್ಲ!” ಆಮೇಲೆ ಅವನ ದನಿ ಇಳಿಯಿತು. “ಯಜಮಾನ್ರೇ, ನಿಮ್ಮ ಉಪ್ಪು ತಿಂದಿದೀನಿ. ನನ್ನ ಮುಖ ನೋಡಿ ಹೇಳಿ... ನಾನು ಅಂಥವನಾ?”

ಅಪ್ಪನ ತುಟಿಯ ಕೊನೆ ಮೆಲ್ಲಗೆ ಸಡಿಲವಾಯಿತು. ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ಮಗಳಿಗೆ ಉಸಿರು ಬಂದಂತಾಯಿತು. ಅಪ್ಪ ನಂಬಿದ್ದಾರೆ! ಕ್ಷಮಿಸುತ್ತಾರೆ!

“ಚಹಾ ತಗೊಂಡು ಬಾ” ಎಂದರು ಅಪ್ಪ.

ಅಮ್ಮ ತುಂಬಿದ ಲೋಟ ತಂದು ಟಕ್ಕೆಂದು ಅವರ ಮುಂದಿಟ್ಟಳು. ಅಪ್ಪನ ಕಿವಿ ಆ ಜಾಗವನ್ನು ಗುರುತು ಮಾಡಿಕೊಂಡಿತು. ಆದರೆ ಅಷ್ಟರಲ್ಲಿ ಅಣ್ಣ ತನ್ನ ಫೋನನ್ನು ಮೇಜಿನ ಮೇಲೆ ಹಾಕಿದ. ಅದರ ಮೇಲೆ ಎಲ್ಲಿ ಚಹಾ ಚೆಲ್ಲುತ್ತದೋ ಎಂದು ಅಮ್ಮ ಲೋಟವನ್ನು ಎತ್ತಿ, ಸದ್ದಿಲ್ಲದೆ ಒಂದು ಗೇಣು ಅಪ್ಪನ ಹತ್ತಿರಕ್ಕೆ ಇಟ್ಟಳು. ಮಗಳು ಅದನ್ನು ನೋಡಿದಳು. ಒಂದು ಹೆಜ್ಜೆ ಮುಂದಿಟ್ಟಳು.

ಅಪ್ಪ ಕೈ ಚಾಚಿದರು. ಹಿಂಗೈ ಲೋಟಕ್ಕೆ ಬಡಿಯಿತು. ಲೋಟ ಉರುಳಿತು... ಚಹಾ ಮೇಜಿನ ಅಂಚಿನಿಂದ ಹಾರ್ನ್ ಮಾಮನ ಪಾದದ ಮೇಲೆ ಸುರಿಯಿತು!

ಎಲ್ಲರೂ ನೆಲ ನೋಡುತ್ತಿದ್ದರು. ಅಪ್ಪನ ಬೆರಳುಗಳು ಒದ್ದೆಯಾದ ಮೇಜಿನ ಮೇಲೆ ಲೋಟಕ್ಕಾಗಿ ತಡಕಾಡುತ್ತಿದ್ದುದನ್ನು ಕಂಡವಳು ಮಗಳೊಬ್ಬಳೇ. ಬೆರಳುಗಳು ನಿಂತವು. ಆದದ್ದೇನೆಂದು ಅವರಿಗೆ ಅರ್ಥವಾಯಿತು. ಈಗ ಹೇಳುತ್ತಾರೆ, ‘ಕೈತಪ್ಪಿತು’ ಅನ್ನುತ್ತಾರೆ ಎಂದು ಅವಳು ಕಾದಳು. ಯಜಮಾನರು ಮೆಲ್ಲಗೆ ಕೈಯನ್ನು ಹಿಂದಕ್ಕೆಳೆದು, ಬೇಕೆಂದೇ ಮಾಡಿದವರಂತೆ ತೊಡೆಯ ಮೇಲಿಟ್ಟುಕೊಂಡರು.

“ಮುಗೀತು” ಎಂದ ಅಣ್ಣ. “ಕರ್ಕೊಂಡು ಹೋಗ್ರೋ.”

ಇಬ್ಬರು ಹಾರ್ನ್ ಮಾಮನ ರಟ್ಟೆ ಹಿಡಿದರು. ಅವನು ಕೊಸರಾಡಲಿಲ್ಲ. ಉರುಳಿದ ಲೋಟವನ್ನೇ ನೋಡುತ್ತಿದ್ದ. ಅವನ ಕೆಳತುಟಿ ಮಗುವಿನದರಂತೆ ಅದುರಿತು. “ಅಪ್ಪ, ಏನಾದ್ರೂ ಹೇಳಿ” ಎಂದಳು ಮಗಳು. ಪಕ್ಕದಲ್ಲಿದ್ದವರಿಗೂ ಕೇಳಿಸದಷ್ಟು ಸಣ್ಣ ದನಿ ಅದು. ಆದರೆ ಕಿವಿಯಲ್ಲೇ ಬದುಕುತ್ತಿದ್ದ ಅಪ್ಪನಿಗೆ ಕೇಳಿಸಿತು. ಅವರು ಅವಳ ಕಡೆ ಮುಖ ತಿರುಗಿಸಿ, ಬೇಡ ಎನ್ನುವಂತೆ ಒಮ್ಮೆ, ಒಮ್ಮೆ ಮಾತ್ರ, ತಲೆಯಾಡಿಸಿದರು. ಆ ಮುಖದಲ್ಲಿ ಇದ್ದದ್ದು ಅಪ್ಪಣೆಯಲ್ಲ, ಬೇಡಿಕೆ! ಮಗಳನ್ನು ಯಾವತ್ತೂ ಏನೂ ಕೇಳದಿದ್ದ ಅಪ್ಪ, ತನ್ನ ಜೀವವನ್ನೇ ಬೇಡುತ್ತಿದ್ದರು.

ಬಾಗಿಲ ಹತ್ತಿರ ಬಂದಾಗ ಹಾರ್ನ್ ಮಾಮ ತಿರುಗಿ ಅವಳನ್ನು ಹುಡುಕಿದ. ಅಷ್ಟು ದೊಡ್ಡ ಗಂಟಲು ಎಲ್ಲಿ ಹೋಯಿತೋ!

“ಪುಟ್ಟಮ್ಮ... ಶಾಲೆ ಬಿಡೋ ಹೊತ್ತಾಯ್ತು. ಮಕ್ಕಳು ಗೇಟ್ ಹತ್ರ ಕಾಯ್ತಾ ನಿಂತಿರ್ತವೆ. ಬೇರೆ ವ್ಯಾನ್ ಕಳಿಸಿ ಅಂತ ಒಂದು ಫೋನ್ ಮಾಡಮ್ಮ.”

ಅಮ್ಮ ಬಟ್ಟೆ ತಂದು ಬಾಗಿ ಮೇಜು ಒರೆಸತೊಡಗಿದ್ದಳು. ಹೊರಗೆ ಅಣ್ಣನ ಕಾರು ಶುರುವಾಯಿತು. ಮಗಳಿಗೆ ಎಲ್ಲವೂ ಗೊತ್ತಿತ್ತು. ಈಗ ಆಡುವ ಮಾತು ಸಂಜೆಯೊಳಗೆ ಊರೆಲ್ಲ ಸುತ್ತುತ್ತದೆ. ನಾಳೆಯೋ ನಾಡಿದ್ದೋ ಯಾರೋ ಬಾಗಿಲು ತಟ್ಟುತ್ತಾರೆ. ಅಮ್ಮ ಜೀವಮಾನವಿಡೀ ಹೆದರಿ ಕಾಪಾಡಿಕೊಂಡ ಈ ಮನೆ... ಅವಳು ಗುಂಪನ್ನು ತಳ್ಳಿಕೊಂಡು ಬಂದು ಹೊಸ್ತಿಲಿಗೆ ಅಡ್ಡ ನಿಂತಳು. ಅಷ್ಟು ಜನ ಗಂಡಸರ ಮುಂದೆ ಅವಳು ಎಂದೂ ಬಾಯಿ ತೆರೆದವಳಲ್ಲ.

“ಮಾಮನ್ನ ಬಿಡಿ!” ಎಂದು ಚೀರಿದಳು. “ಅಪ್ಪ ಬೇಕಂತ ಲೋಟ ಉರುಳಿಸಲಿಲ್ಲ. ತಲೆ ಎತ್ತಿ, ಒಂದು ಸಲ ಅವರ ಕಣ್ಣು ನೋಡಿ ಎಲ್ಲರೂ... ನಮ್ಮಪ್ಪನಿಗೆ ಕಣ್ಣು ಕಾಣಲ್ಲ!”