ಒಂದು ಸಾಲು ಕೆಳಗೆ

ಮಂಗಳವಾರ ಮಧ್ಯಾಹ್ನ ಮೂರಕ್ಕೆ ಹುಮನಾಬಾದಿನ ಔಷಧ ಕಾರ್ಖಾನೆಯೊಂದರ ದವಾಖಾನೆಯಲ್ಲಿ ಕಾಜಲ ಸತ್ತಳು. ಪ್ಯಾಕಿಂಗ್ ವಿಭಾಗದವಳು. ಇಪ್ಪತ್ತಾರು ವಯಸ್ಸು. ಗಂಟಲು ಬಾತು, ಮಾತು ನಿಂತು ಬಂದಿದ್ದಳು. ನರ್ಸ್ ನೂರೀನ್ ಪರೀಕ್ಷೆಗೆಂದು ಚರ್ಮದಡಿ ಒಂದು ಹನಿ ಪೆನ್ಸಿಲಿನ್ ಹಾಕಿದಳು. ಅಷ್ಟಕ್ಕೇ ಉಸಿರು ಕಟ್ಟಿತು.

ಪಿಎಸ್ಐ ಸುಜಾತಾ ಬರುವಷ್ಟರಲ್ಲಿ ಮುಡಬಿಯಿಂದ ಕಾಜಲಳ ತಾಯಿ ಸರುಬಾಯಿ ಬಂದು ಮುಟ್ಟಿದ್ದಳು. ಅಳುತ್ತಿರಲಿಲ್ಲ. ನೂರೀನ್‌ಳ ಕೂದಲು ಅವಳ ಮುಷ್ಟಿಯಲ್ಲಿತ್ತು.

"ನನ್ನ ಮಗಳಿಗಿ ಆ ಸೂಜಿ ಆಗಿಬರಲ್ಲಂತ ಇಡೀ ಮುಡಬಿಗಿ ಗೊತ್ತದ. ಈಕಿಗಿ ಗೊತ್ತಿಲ್ಲ?"

"ಬಿಡ್ರಿ ಅವ್ವ."

"ಈಕಿನ್ನ ಜೇಲಿಗಿ ಹಾಕು ತಾಯಿ. ಇಲ್ಲಂದ್ರ ನಾನೇ ನೋಡ್ಕೋತೀನಿ."

ಸುಜಾತಾ ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಅವಳಿಗೂ ಒಬ್ಬ ಮಗಳಿದ್ದಾಳೆ. ಬಿಡಿಸುವಾಗ ಏಕೋ ನಾಚಿಕೆಯಾಯಿತು.

*

"ಅಲರ್ಜಿ ಪಟ್ಟಿ ನೋಡಿದ್ದಿಲ್ಲೇನು?" ಸುಜಾತಾ ನೂರೀನ್‌ಳನ್ನು ಕೇಳಿದಳು.

"ನೋಡೀನ್ರಿ ಮೇಡಂ. ಕಂಪ್ಯೂಟರಿನಾಗ ಹೆಸರು ಟೈಪ್ ಮಾಡಿದೆ. ಬರಲಿಲ್ಲ. ಅಲರ್ಜಿ ಇದ್ದವರ ಹೆಸರಷ್ಟೇ ಅದರಾಗ ಇರ್ತಾವ. ಬರಲಿಲ್ಲಂದ್ರ ಸೂಜಿ ನಡೀತದ."

"ಆಕಿನ್ನ ಕೇಳಿದಿಯೇನು?"

"ಕೇಳಿದೆ. ಮಾತು ಹೊರಡ್ಲಿಲ್ಲ. ಕಂಪ್ಯೂಟರಿನ ಕಡಿ ಬೆರಳು ತೋರಿಸಿದ್ಲು. ಮತ್ತೊಮ್ಮೆ ನೋಡಿದೆ. ಇದ್ದಿಲ್ಲ."

ಡಾಕ್ಟರ ಕೈಬರಹದ ಪುಸ್ತಕದಲ್ಲಿ ಮಾತ್ರ ಕಾಜಲಳ ಹೆಸರಿತ್ತು. ಮೂರನೆಯದು.

ಗಂಡ ನಾಗನಾಥನ ಮೇಲೆ ಮೊದಲ ಅನುಮಾನ. ಮೂರು ತಿಂಗಳಿಂದ ಜಗಳವಾಡಿ ಬೇರೆ ಇದ್ದ. ಆದರೆ ಮಂಗಳವಾರ ಅವನ ಲಾರಿ ಪುಣೆಯಲ್ಲಿತ್ತು. ಅವನೂ ಲಾರಿಯಲ್ಲಿದ್ದ.

ಉಳಿದವಳು ನೂರೀನ್. ತಪ್ಪು ಮಾಡಿ ಹೆಸರು ಅಳಿಸಿದ್ದಾಳೆ ಎಂದು ಕಾರ್ಖಾನೆ ಪೂರ್ತಿ ಮಾತು.

ಸರುಬಾಯಿ ಠಾಣೆಯ ಮೆಟ್ಟಿಲು ಬಿಟ್ಟು ಕದಲಲಿಲ್ಲ. ಸುಜಾತಾ ಚಹಾ ತಂದು ಪಕ್ಕದಲ್ಲಿ ಕೂತಳು.

"ಅವ್ವ, ಕಾಜಲಗ ವೈರಿ ಯಾರರ ಇದ್ರೇನು?"

"ಇರುವಿ ಕಂಡ್ರ ಸುತ್ತು ಹಾಕಿ ಹೋಗ್ತಿತ್ತು ಅದು. ಅದಕ್ಕ್ಯಾರು ವೈರಿ?"

ವೈರಿ ಇಲ್ಲದವಳು ಸತ್ತದ್ದು ಹೇಗೆ? ಆ ಪ್ರಶ್ನೆ ಸುಜಾತಾಳ ಜೊತೆ ಮನೆಗೆ ಬಂತು.

*

ಬುಧವಾರ ಪಟ್ಟಿಯ ಫೈಲನ್ನು ತೆರೆಸಿ, ಸಾಲುಗಳನ್ನು ಪುಸ್ತಕದೊಡನೆ ಹೋಲಿಸಿದಳು. ಖಾಕಿ ತೊಡುವ ಮೊದಲು ಕಂಪ್ಯೂಟರ್ ಡಿಪ್ಲೊಮಾ ಮುಗಿಸಿದ್ದವಳು.

ಪುಸ್ತಕದಲ್ಲಿ ಹದಿನೇಳು ಹೆಸರು. ಫೈಲಿನಲ್ಲೂ ಹದಿನೇಳು. ಮೊದಲ ಸಾಲು ಕಾಶಿರಾಮ. ಎರಡನೆಯದು ಉಜ್ವಲಾ, ಪೆನ್ಸಿಲಿನ್ ಬೇಡ. ಮೂರನೆಯದು ಕಾಜಲ ಇರಬೇಕಿತ್ತು. ಅಲ್ಲೂ ಉಜ್ವಲಾ ಇದ್ದಳು. ಅಲರ್ಜಿ ಯಾವುದೂ ಇಲ್ಲ.

ಫೈಲು ಕೊನೆಯ ಸಲ ಬದಲಾದದ್ದು ಮಂಗಳವಾರ ಬೆಳಿಗ್ಗೆ ಹನ್ನೊಂದು ಇಪ್ಪತ್ತಕ್ಕೆ.

ಸುಜಾತಾ ಬಸವಕಲ್ಯಾಣದ ಬಸ್ಸು ಹತ್ತಿದಳು.

ಉಜ್ವಲಾ ಕೈಗೆ ಪಟ್ಟಿ ಕಟ್ಟಿಕೊಂಡು ಮನೆಯಲ್ಲಿದ್ದಳು. ಪ್ಯಾಕಿಂಗ್‌ನ ಸೂಪರ್‌ವೈಸರ್.

"ಮಂಗಳವಾರ ಮಷೀನಿಗಿ ಕೈ ಸಿಕ್ತು. ಹನ್ನೊಂದಕ್ಕ ದವಾಖಾನಿಗಿ ಹೋದೆ. ಅರ್ಧ ತಾಸು ನೂರೀನ್ ಎರಡೂ ಕೈಲಿ ರಕ್ತ ಒತ್ತಿ ಹಿಡದಿದ್ಲು. ಆಮ್ಯಾಲ ಹೆಸರು ಹೊಡದ್ರ ಕೆಂಪಕ್ಷರ ಬಂತು. ಬ್ಯಾರೆ ಔಷಧ ಕೊಟ್ಲು."

"ಆಗ ಕಂಪ್ಯೂಟರಿನ ಮುಂದ ಯಾರಿದ್ರು?"

"ಆಪರೇಟರ್ ಅಂಬರೀಷ. ತನ್ನ ಲ್ಯಾಪ್‌ಟಾಪ್ ಅದಕ್ಕ ಹಚ್ಚಿ ಏನೋ ಹೊಡೀತಿದ್ದ."

"ಅವಗ ನಿಮ್ಮ ಮ್ಯಾಲ ಸಿಟ್ಟೇನರ?"

ಉಜ್ವಲಾ ನಕ್ಕಳು. "ಹುಡುಗೇರ ಫೋಟೊ ಕದ್ದು ತಗೀತಿದ್ದ. ಕ್ಯಾಂಟೀನಿನಾಗ ಎಲ್ಲರ ಮುಂದ ಮಾಫಿ ಕೇಳಸಿದೆ. ಎರಡ್ ಸಲ. ಮೊದಲನೇ ಸಲ ದನಿ ಸಣ್ಣದಾಗಿತ್ತು."

*

ಗುರುವಾರ ಎಲ್ಲರನ್ನೂ ದವಾಖಾನೆಗೆ ಕರೆಸಿದಳು. ನೂರೀನ್ ಗೋಡೆಗೆ ಆತು ನಿಂತಳು. ಸರುಬಾಯಿ ಅವಳ ಮೇಲಿಂದ ಕಣ್ಣು ತೆಗೆಯಲಿಲ್ಲ.

"ಅಂಬರೀಷ, ನರ್ಸಿನ ಸ್ಕ್ರೀನ್ ಸೀಲ್ ಮಾಡೀವಿ. ಈ ಫೈಲಿನ ನಕಲಿನಾಗ ಕಾಶಿರಾಮನ ಔಷಧ ತಿದ್ದಬೇಕು. ಆ ಸ್ಕ್ರೀನ್ ಬಿಟ್ಟು ಹೊರಗಿಂದ ತಿದ್ದಾಕ ಬರ್ತದೇನು?"

"ಐದು ನಿಮಿಷದ ಕೆಲಸ್ರಿ ಮೇಡಂ."

ಚಕಚಕನೆ ಒಂದು ಸಣ್ಣ ಪ್ರೋಗ್ರಾಂ ಬರೆದು ಓಡಿಸಿದ. ಬದಲಾಗಿದೆ ಎಂದು ಪರದೆ ಹೇಳಿತು. ಅವನು ಎದ್ದ.

"ಕೂಡು. ತೆರೆದು ನೋಡೋಣ."

ಕಾಶಿರಾಮ ಎರಡು ಸಲ ಇದ್ದ. ಮೊದಲ ಸಾಲಿನಲ್ಲಿ ಹಳೆಯ ಔಷಧ, ಎರಡನೆಯದರಲ್ಲಿ ಹೊಸದು. ಎರಡನೆಯ ಸಾಲಿನಲ್ಲಿದ್ದ ಉಜ್ವಲಾ ಮಾಯವಾಗಿದ್ದಳು.

ಅಂಬರೀಷನ ಮುಖ ಬಿಳುಚಿತು.

ಸುಜಾತಾ ಸರುಬಾಯಿಯ ಕಡೆ ತಿರುಗಿದಳು. "ಅವ್ವ, ಫೈಲನ್ನ ಓದಾಕೂ ಬರಿಯಾಕೂ ಒಟ್ಟಿಗೆ ತೆರೆದ್ರ ಅದಕ್ಕ ಬೆರಳು ಒಂದೇ. ಒಂದು ಸಾಲು ಓದಿ ಮುಗಿಸಿದ ಕೂಡಲೇ ಬೆರಳು ಕೆಳಗಿನ ಸಾಲಿಗಿ ಹೋಗಿರ್ತದ. ಅದನ್ನ ಹಿಂದಕ್ಕ ತಂದು ಬರೀಬೇಕು. ಇಂವ ತರಲಿಲ್ಲ. ಮಂಗಳವಾರನೂ ತರಲಿಲ್ಲ."

"ನಾ ಕಾಜಲನ ಸಾಲು ಮುಟ್ಟೇ ಇಲ್ರಿ," ಅಂಬರೀಷ ಅಂದ.

"ಹಂಗಾದ್ರ ಯಾರ ಸಾಲು ಮುಟ್ಟಿದಿ?"

ಅವನು ಬಾಗಿಲ ಕಡೆ ನೋಡಿದ.

"ನರ್ಸಿನ ಸ್ಕ್ರೀನು ಪುಣೆಯ ಕಂಪನಿಯವರು ಬರೆದದ್ದು. ಎರಡು ವರ್ಷ ತಪ್ಪದೆ ನಡೆದದ, ಅದರಾಗ ತಿದ್ದಿದ್ರ ಹಿಂಗ ಆಗೂದಿಲ್ಲ," ಸುಜಾತಾ ಮುಂದುವರಿಸಿದಳು. "ಹನ್ನೊಂದು ಇಪ್ಪತ್ತಕ್ಕ ನೂರೀನ್‌ಳ ಎರಡೂ ಕೈ ಉಜ್ವಲಾಳ ಗಾಯದ ಮ್ಯಾಲಿದ್ವು. ಉಜ್ವಲಾ ರಕ್ತ ಸುರಿಸ್ಕೋತ ಬಂದದ್ದು ನೋಡಿ ನೀ ಗಡಿಬಿಡಿಯಾಗ ಪ್ರೋಗ್ರಾಂ ಬರದಿ. ಆಕಿಗಿ ಪೆನ್ಸಿಲಿನ್ ಬೀಳಲಿ ಅಂತ. ನೀ ತಿದ್ದಿದ ಸಾಲು ಕಾಜಲನ ಮ್ಯಾಲ ಬಿತ್ತು. ಉಜ್ವಲಾಳ ಹಳೇ ಸಾಲು ಮೊದಲು ಸಿಗ್ತದ, ಅದಕ್ಕೇ ಆಕಿ ಉಳದ್ಲು. ನಿನ್ನ ಲ್ಯಾಪ್‌ಟಾಪಿನಾಗ ಆ ಪ್ರೋಗ್ರಾಂ ಇನ್ನೂ ಅದ. ಮುಂಜಾನೆನೇ ತರಸೀನಿ."

ಕಾನ್‌ಸ್ಟೇಬಲ್ ಸತೀಶಕುಮಾರ ಅಂಬರೀಷನ ತೋಳು ಹಿಡಿದ.

ಸರುಬಾಯಿ ಎದ್ದು ಅವನೆದುರು ನಿಂತಳು.

"ನನ್ನ ಮಗಳ ಮ್ಯಾಲ ನಿಂಗ ಸಿಟ್ಟರ ಇತ್ತೇನು?"

"ಇಲ್ಲಬೇ. ಆಕಿ ಮಾರಿನೂ ನೆಪ್ಪಿಲ್ಲ."

ಸರುಬಾಯಿ ತೂಗಾಡಿದಳು. ಸಿಟ್ಟಿತ್ತು ಎಂದಿದ್ದರೆ ತಡೆದುಕೊಳ್ಳುತ್ತಿದ್ದಳೇನೋ ಎಂದು ಸುಜಾತಾಳಿಗೆ ಅನ್ನಿಸಿತು. ಹಿಡಿಯಲು ಮೊದಲು ಬಂದದ್ದು ನೂರೀನ್. ಆ ಕೈಯನ್ನು ಸರುಬಾಯಿ ದೂಡಲಿಲ್ಲ. ಮುಖ ನೋಡಲೂ ಇಲ್ಲ.

ಜೀಪು ಹೊರಡುವಾಗ ಉಜ್ವಲಾ ಸರುಬಾಯಿಯ ಹತ್ತಿರ ಬಂದಳು. ಬದುಕಿರುವುದೇ ತಪ್ಪೇನೋ ಎಂಬಂತೆ ತಲೆ ತಗ್ಗಿಸಿದ್ದಳು.

"ಕೋರ್ಟಿಗಿ ಬರ್ತಿಯಿಲ್ಲ ಮಗಳ?" ಸರುಬಾಯಿ ಕೇಳಿದಳು.

"ಬರ್ತೀನಿ ಅವ್ವ. ಸಾಕ್ಷಿ ಹೇಳ್ತೀನಿ."

"ಸಾಕ್ಷಿ ದಿನ ಅಷ್ಟೇ ಅಲ್ಲ. ತಾರೀಖ ತಾರೀಖಿಗಿ ಬರಬೇಕು. ಹೊಸ ಸೀರಿ ಉಟ್ಕೊಂಡು, ಹೂ ಮುಡ್ಕೊಂಡು ಬಾ. ಅವನ ಕಣ್ಣೆದುರಿಗೇ ಕೂಡು. ನೀ ಜೀವಂತ ಇರೂದು ಅವ ನೋಡಬೇಕು."