ಕೊರಿನ್ ಸೈಲೆನ್ಸರ್ ಬದಲಿಸಿದ ಶುಕ್ರವಾರ

ಗ್ಯಾರೇಜಿನ ಬಾಗಿಲಿಗೆ ನೆರಳು ಅಡ್ಡ ಬಂದಾಗ ಕೊರಿನ್ ಬೈಕಿನ ಪಕ್ಕ ಮಂಡಿಯೂರಿ ಕೂತಿದ್ದಳು. ಬಿಚ್ಚಿದ ಹಳೆಯ ಸೈಲೆನ್ಸರುಗಳು ಹೊರಗೆ ಹುಲ್ಲಿನ ಮೇಲೆ ಬಿದ್ದಿದ್ದವು.

"ಮಾರಿಬಿಟ್ರಾ?" ಎಂದಿತು ನೆರಳು.

ಎದುರುಮನೆಯ ಆರ್ಲೋ. ಬೇಸಿಗೆಯಲ್ಲಿ ರಸ್ತೆ ರಿಪೇರಿ, ಚಳಿಗಾಲದಲ್ಲಿ ಹಿಮ ತಳ್ಳುವ ಲಾರಿ. ಐವತ್ತನಾಲ್ಕು ವರ್ಷದ, ಬಾಗಿಲು ತುಂಬುವಂಥ ಆಳು. ಓಡಿ ಬಂದವನಂತೆ ಏದುಸಿರು ಬಿಡುತ್ತಿದ್ದ.

"ಏನನ್ನ?"

"ಬೈಕ್‌ನ. ಬಿಚ್ಚಿ ಹಾಕಿದ್ದು ಕಂಡೆ. ಬಿಡಿಬಿಡಿಯಾಗಿ ಮಾರ್ತಿದ್ದೀರೇನೋ ಅಂದ್ಕೊಂಡೆ. ಹಾಗಿದ್ರೆ ನಾನೇ ತಗೋತೀನಿ."

"ನಿಮಗೆ ಬೈಕ್ ಓಡ್ಸೋಕೆ ಬರುತ್ತಾ?"

"ಇಲ್ಲ."

"ಮತ್ತೆ?"

ಅವನು ತನ್ನ ಬೂಟುಗಳನ್ನು ನೋಡಿಕೊಂಡ. "ಈ ಬೀದೀಲೇ ಇರ್ಲಿ ಅಂತ."

ಎರಡು ವರ್ಷದ ಹಿಂದಾಗಿದ್ದರೆ ಕೊರಿನ್ ನಗುತ್ತಿದ್ದಳು. ಈಗ ನಗು ಬರಬೇಕಾದ ಜಾಗ ಗೊತ್ತಾಯಿತು, ನಗು ಬರಲಿಲ್ಲ. "ಮಾರ್ತಿಲ್ಲ. ಹೊಸದು ಹಾಕ್ತಿದ್ದೀನಿ," ಎಂದು ಮತ್ತೆ ಕೆಲಸಕ್ಕೆ ತಿರುಗಿದಳು.

ಹೊಸ ಸೈಲೆನ್ಸರ್, ಏರ್ ಫಿಲ್ಟರ್, ಎಂಜಿನ್ನಿಗೆ ಹೊಸ ಲೆಕ್ಕ ಕಲಿಸುವ ಟ್ಯೂನರ್, ಮೂರನ್ನೂ ಅವಳು ಒಟ್ಟಿಗೆ ತರಿಸಿದ್ದಳು. ಪೆಟ್ಟಿಗೆ ಬಂದ ವಾರವೇ ಎದೆಯಲ್ಲಿ ಗಂಟು ಸಿಕ್ಕಿತು. ಆಮೇಲೆ ಆಪರೇಷನ್, ಕಿಮೊ. ಕಾಯಿಲೆ ಹೋಯಿತು. ಕಳೆದ ತಿಂಗಳು ಡಾಕ್ಟರು ಕೈಕುಲುಕಿ ಅಭಿನಂದಿಸಿದರು, ಅಣ್ಣ ಫೋನಿನಲ್ಲೇ ಅತ್ತ, ಅವಳು ಕೆಲಸ ಮಾಡುವ ಶಾಲೆಯ ಅಡುಗೆಮನೆಯಲ್ಲಿ ಜೊತೆಗಾರ್ತಿಯರು ಕೇಕ್ ಕತ್ತರಿಸಿದರು. ಕೊರಿನ್ ಮಾತ್ರ ಬೇರೆ ಯಾರದೋ ಹುಟ್ಟುಹಬ್ಬಕ್ಕೆ ಹೋದವಳಂತೆ ಒಂದು ಚೂರು ಕೇಕ್ ತಿಂದು ಮನೆಗೆ ಬಂದಳು. ಖುಷಿಯೂ ಇಲ್ಲ, ದುಃಖವೂ ಇಲ್ಲ. ಬೈಕಿಗೆ ಕೈ ಹಚ್ಚಿದರೆ ಏನಾದರೂ ಆದೀತೆಂದು ಪೆಟ್ಟಿಗೆ ಬಿಚ್ಚಿದ್ದಳು.

ಆದರೆ ಎಂಜಿನ್ನಿನ ಹಿಂದೆ, ಕಣ್ಣಿಗೆ ಕಾಣದ ಜಾಗದಲ್ಲಿ ಕೂರಬೇಕಾದ ನಟ್ ಮೂರನೇ ಸಲ ಕೈಜಾರಿ ಕೆಳಗೆ ಉರುಳಿತು. ಆರ್ಲೋ ಬಾಗಿ ಎತ್ತಿಕೊಟ್ಟ.

"ಕಿಮೊ ಆದ್ಮೇಲೆ ಬೆರಳ ತುದಿ ಜೋಮು," ಎಂದಳು ಅವಳು, ಹವಾಮಾನ ಹೇಳುವ ದನಿಯಲ್ಲಿ. "ಹಿಡ್ಕೊಂಡಿದ್ದೀನೋ ಬಿಟ್ಟಿದ್ದೀನೋ ನೋಡಿದ್ರೇನೇ ಗೊತ್ತಾಗೋದು."

"ಅಯ್ಯೋ ಪಾಪ" ಎನ್ನುತ್ತಾನೆಂದು ಕಾದಳು. ಅವನು ಜಾಕೆಟ್ ಕಳಚಿ ಆಚೆ ಬದಿಯಲ್ಲಿ ಕೂತ. "ಬೆರಳು ನನ್ನದು ತಗೊಳ್ಳಿ, ತಲೆ ನಿಮ್ಮದು. ಏನು ಮಾಡ್ಬೇಕು, ಹೇಳ್ತಾ ಹೋಗಿ."

ಅವಳು ಹೇಳುತ್ತ ಹೋದಳು. ಮೊದಲು ಹೊಗೆ ಸೋರದಂತೆ ತಡೆಯುವ ಹೊಸ ಗ್ಯಾಸ್ಕೆಟ್. ನಟ್ಟುಗಳನ್ನು ಕೈಯಲ್ಲೇ ಸುತ್ತಿ ಬಿಡಬೇಕು, ಪೈಪು ಎರಡೂ ನೇರ ಕೂತ ಮೇಲಷ್ಟೇ ಬಿಗಿ. ಹಳೆಯ ಪೈಪಿನ ಸೆನ್ಸರ್ ಹೊಸದಕ್ಕೆ.

"ಇದಾ?"

"ಅದಲ್ಲ, ಅದರ ಅಪ್ಪ. ಎಡಕ್ಕೆ."

"ಅಬ್ಬಾ, ನಮ್ಮ ಸೂಪರ್‌ವೈಸರ್ ಕೂಡ ಇಷ್ಟು ಬೈಯಲ್ಲ."

"ಅವರ ಬೈಕ್ ಮುಟ್ಟಿ ನೋಡಿ, ಬೈತಾರೆ."

ಎಂಜಿನ್ನಿನ ಸಂದಿಯಿಂದ ಅವನ ಕಣ್ಣುಗಳು ಕಂಡವು. ಅವು ಸೆನ್ಸರನ್ನು ನೋಡುತ್ತಿರಲಿಲ್ಲ. ಅವಳು ದೃಷ್ಟಿ ತಪ್ಪಿಸಲಿಲ್ಲ. ಅವನೇ ತಪ್ಪಿಸಿದ, ಕಿವಿಯ ತುದಿ ಕೆಂಪಾಗಿತ್ತು.

ಏರ್ ಫಿಲ್ಟರ್ ಸುಲಭವಾಗಿ ಕೂತಿತು. ಹೊಳೆಯುವ ಪೈಪುಗಳನ್ನು ಅವಳು ಸ್ಪಿರಿಟ್ ಬಟ್ಟೆಯಿಂದ ಒರೆಸಿದಳು. "ಕೈಯ ಜಿಡ್ಡು ಉಳಿದ್ರೆ ಮೊದಲ ಬಿಸಿಗೇ ಸುಟ್ಟು ಗುರುತು ಕೂತ್ಬಿಡುತ್ತೆ."

"ಹಾಗಾದ್ರೆ ಚೆನ್ನಾಗಿ ಒರೆಸಿ. ಪೂರ್ತಿ ನನ್ನದೇ ಕೈ ಇದೆ."

ಕೊನೆಗೆ ಟ್ಯೂನರ್. ಅವಳು ತಂತಿ ಚುಚ್ಚಿ, ಕೀ ತಿರುಗಿಸಿದಳು. ಪುಟ್ಟ ಪರದೆಯ ಮೇಲೆ ಪಟ್ಟಿಯೊಂದು ತೆವಳತೊಡಗಿತು. "ಹತ್ತು ನಿಮಿಷ. ಮಧ್ಯೆ ಆಫ್ ಆದ್ರೆ ಕೆಟ್ಟೇ ಹೋಗುತ್ತೆ. ಏನೂ ಮುಟ್ಟೋ ಹಾಗಿಲ್ಲ."

ಇಬ್ಬರೂ ಬಕೆಟ್ ಬೋರಲು ಹಾಕಿ ಕೂತರು. ಏಪ್ರಿಲ್ ಬಿಸಿಲಿಗೆ ಬೇಲಿಯ ಬುಡದಲ್ಲಿ ಉಳಿದಿದ್ದ ಹಿಮ ಕರಗುತ್ತಿತ್ತು.

"ಒಂದು ಹೇಳ್ತೀನಿ," ಎಂದ ಆರ್ಲೋ. "ಬೆಳಗ್ಗೆ ಐದೂವರೆಗೆ ನೀವು ಗಾಡಿ ತೆಗೀತಿದ್ರಿ. ಆ ಸದ್ದಿಗೇ ನಾನು ಏಳ್ತಿದ್ದೆ. ಆಮೇಲೆ ನಿಂತ್ಹೋಯ್ತು. ಬಂದು ಕೇಳೋ ಧೈರ್ಯ ಬರ್ಲಿಲ್ಲ. ನಿಮ್ಮ ಅಂಗಳದ ಹಿಮ ತೆಗೆಯೋಕೆ ಧೈರ್ಯ ಬೇಡವಲ್ಲ, ಅದನ್ನ ಮಾಡಿದೆ."

ಕೊರಿನ್ ಅವನ ಕಡೆ ತಿರುಗಿದಳು. "ಎರಡು ಚಳಿಗಾಲಾನೂ? ನಮ್ಮಣ್ಣ ಯಾರಿಗೋ ಹೇಳಿದ್ದಾನೆ ಅಂದ್ಕೊಂಡಿದ್ದೆ. ಅವನನ್ನ ಕೇಳ್ಲೂ ಇಲ್ಲ."

"ಕೇಳ್ಲಿ ಅಂತ ಮಾಡಿದ್ದಲ್ಲ." ಅವನು ಮೊಣಕಾಲು ಉಜ್ಜಿಕೊಂಡ. "ಇವತ್ತು ಶುಕ್ರವಾರ. ಶುಕ್ರವಾರ ಅಂದ್ರೆ ಈ ಊರಲ್ಲಿ ಕರಿದ ಮೀನಿನ ಊಟ, ನದಿ ದಂಡೆಯ ಹೋಟೆಲಲ್ಲಿ. ಬರ್ತೀರಾ? ನನಗೆ ನಿಮ್ಮ ಮೇಲೆ... ಗೊತ್ತಾಯ್ತಲ್ಲ."

"ಗೊತ್ತಾಯ್ತು." ಅವಳು ಸ್ಪಿರಿಟ್ ಬಟ್ಟೆಯನ್ನು ಮಡಿಸಿ ಮೊಣಕಾಲ ಮೇಲಿಟ್ಟುಕೊಂಡಳು. "ಆರ್ಲೋ, ನನಗೆ ಏನೂ ಅನ್ಸಲ್ಲ. ನಿಮ್ಮ ಮೇಲೆ ಅಂತಲ್ಲ, ಯಾವುದ್ರ ಮೇಲೂ. ಬದುಕಿದ್ದೀನಿ ಅನ್ನೋದ್ರ ಮೇಲೂ. ಹೂಂ ಅಂದ್ರೆ ಸುಳ್ಳಾಗುತ್ತೆ."

"ಹಾಗಾದ್ರೆ ಅನ್ಬೇಡಿ," ಎಂದ ಅವನು. ಮುಖ ಸಪ್ಪಗಾಗಿತ್ತು, ದನಿ ಮಾತ್ರ ಹಾಗೇ ಇತ್ತು. "ಪಟ್ಟಿ ತುಂಬ್ತು ನೋಡಿ."

ಅವಳು ಬಟನ್ ಒತ್ತಿದಳು. ಎಂಜಿನ್ ಒಮ್ಮೆ ಕೆಮ್ಮಿ, ತಡವರಿಸಿ, ಆಮೇಲೆ ದಪ್ಪ ದನಿಯಲ್ಲಿ ಗುಡುಗತೊಡಗಿತು. ಶೆಲ್ಫಿನ ಡಬ್ಬಗಳು ನಡುಗಿದವು. ಆರ್ಲೋ ಮಗುವಿನಂತೆ ನಕ್ಕ. ಕೊರಿನ್ ಎದೆಯೊಳಗೆ ಹುಡುಕಿಕೊಂಡಳು. ಅಲ್ಲಿ ಏನೂ ಇರಲಿಲ್ಲ. ಇದಕ್ಕೂ ಏನೂ ಅನ್ನಿಸಲಿಲ್ಲವೆಂದರೆ ಇನ್ನು ಯಾವುದಕ್ಕೆ ಅನ್ನಿಸೀತು? ಹೆಲ್ಮೆಟ್ ಹಾಕಿಕೊಂಡು, ಅವನಿಗೆ ಒಂದು ಮಾತೂ ಹೇಳದೆ ಹೊರಟುಬಿಟ್ಟಳು.

ತನ್ನೂರು ಲಾ ಕ್ರಾಸ್ ದಾಟಿ ಮಿಸಿಸಿಪ್ಪಿ ನದಿಯ ಪಕ್ಕದ ರಸ್ತೆ ಹಿಡಿದಳು. ಕ್ಲಚ್ಚಿನ ಮೇಲಿನ ಬೆರಳುಗಳನ್ನು ಆಗಾಗ ನೋಡಿಕೊಳ್ಳುತ್ತಿದ್ದಳು. ಎರಡನೇ ಗೇರಿನಿಂದ ಮೂರಕ್ಕೆ ಹಾಕುವಾಗ ಈ ಬೈಕು ಹನ್ನೊಂದು ವರ್ಷದಿಂದ ಒಂದು ಜಗ್ಗು ಜಗ್ಗುತ್ತಿತ್ತು. ಇವತ್ತು ಜಗ್ಗಲಿಲ್ಲ, ಬೆಣ್ಣೆಯಂತೆ ಜಾರಿತು. ಅನುಮಾನ ಬಂದು ಮತ್ತೆ ಹಾಕಿ ನೋಡಿದಳು. ಜಗ್ಗಲಿಲ್ಲ.

ಇದನ್ನು ಆರ್ಲೋಗೆ ಹೇಳಬೇಕು ಎಂದುಕೊಂಡಳು.

ಮುಂದಿನ ತಿರುವಿನಲ್ಲಿ ಗಾಡಿ ನಿಲ್ಲಿಸಿದಳು. ನದಿಯ ಮೇಲೆ ಮಂಜುಗಡ್ಡೆಯ ಚೂರುಗಳು ತೇಲಿಹೋಗುತ್ತಿದ್ದವು. ಹೇಳಬೇಕು ಎನ್ನುವುದು ಹೊಟ್ಟೆಯಲ್ಲಿ ಹಸಿವಿನಂತೆ ಕೂತಿತ್ತು. ನಾಳೆಗೂ ಆಗದು, ಇನ್ನೊಬ್ಬರ ಹತ್ತಿರವೂ ಆಗದು. ಕೊರಿನ್ ಗಾಡಿ ತಿರುಗಿಸಿದಳು.

ಅವನು ಇನ್ನೂ ಗ್ಯಾರೇಜಿನಲ್ಲೇ ಇದ್ದ. ಅವಳ ಸ್ಪ್ಯಾನರುಗಳನ್ನೆಲ್ಲ ಒರೆಸಿ ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸುತ್ತಿದ್ದ.

"ಮೂರನೇ ಗೇರಲ್ಲಿ ಜಗ್ಗೋದಿಲ್ಲ ಈಗ," ಎಂದಳು, ಎಂಜಿನ್ ಆರಿಸುವ ಮೊದಲೇ, ಕೂಗಿ.

"ಏನು?"

ಅವಳು ಎಂಜಿನ್ ಆರಿಸಿದಳು. "ಮೂರನೇ ಗೇರು. ಜಗ್ಗೋದಿಲ್ಲ. ನಿನಗೆ ಹೇಳ್ಬೇಕು ಅನ್ನಿಸ್ತು, ಅದಕ್ಕೆ ಅರ್ಧ ದಾರೀಲಿ ವಾಪಸ್ ಬಂದೆ." ಹೆಲ್ಮೆಟ್ಟಿನ ಗಾಜು ಮೇಲೆತ್ತಿದಳು. "ಎರಡು ವರ್ಷದಲ್ಲಿ ನನಗೆ ಏನಾದ್ರೂ ಬೇಕು ಅನ್ನಿಸಿದ್ದು ಇದೊಂದೇ, ಆರ್ಲೋ. ಇದು ಪ್ರೀತೀನಾ ಅಂತ ಕೇಳ್ಬೇಡ, ನನಗೂ ಗೊತ್ತಿಲ್ಲ. ಸುಳ್ಳಂತೂ ಅಲ್ಲ."

ಅವನ ಕೈಯಲ್ಲಿ ಸ್ಪ್ಯಾನರ್ ಹಾಗೇ ನಿಂತಿತು.

"ಮೀನಿಗೆ ಹೋಗೋಣ," ಎಂದಳು ಕೊರಿನ್. "ಹಿಂದೆ ಕೂತ್ಕೋ. ಹೆಲ್ಮೆಟ್ ಇದೆಯಾ?"

"ಹಿಮದ ಮೇಲೆ ಓಡ್ಸೋ ಸ್ನೋಮೊಬೈಲ್‌ದು ಇದೆ. ಕಿತ್ತಳೆ ಬಣ್ಣ. ನೋಡಿದ್ರೆ ನೀನು ನನ್ನನ್ನ ಹತ್ತಿಸ್ಕೊಳ್ಳಲ್ಲ."

"ತಗೊಂಡು ಬಾ."

ಆರ್ಲೋ ಸ್ಪ್ಯಾನರ್ ಕೆಳಗಿಟ್ಟು ಗಂಭೀರವಾಗಿಯೇ ಬೀದಿಗಿಳಿದ. ನಾಲ್ಕು ಹೆಜ್ಜೆ ಸಾವಕಾಶ ನಡೆದ. ಐದನೆಯದಕ್ಕೆ ಆ ದೊಡ್ಡ ಆಳು ಓಡತೊಡಗಿದ.